ಬೈಪೋಲಾರ್ ಇದೆ ಅಂತ ಗೊತ್ತಾದ ಮೇಲೂ ನೆಮ್ಮದಿಯಾಗಿ ಬದುಕಬಹುದಾ? ಮನೆಯವರನ್ನು ಒಪ್ಪಿಸುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ಮೂರು ಸಲ ಓದಿದೆ. ಡಾಕ್ಟರು ಬೈಪೋಲಾರ್ ಅಂತ ಹೇಳಿ ಎಂಟು ತಿಂಗಳಾಯಿತು, ಅಪ್ಪ 'ಎಲ್ಲಾ ನೀನು ಅಂದುಕೊಳ್ಳೋದು ಅಷ್ಟೇ' ಅಂತಾರೆ, ಅಮ್ಮ ಮಾತ್ರೆ ಬಿಟ್ಟುಬಿಡು ಅಂತಾರೆ, ಮನೆ ತುಂಬಾ ಜನ ಇದ್ದರೂ ಒಂಟಿ ಅನ್ನಿಸುತ್ತದೆ ಅಂತ ಬರೆದಿದ್ದೀರಿ.

ನನಗೂ ಇದೇ ಕಾಯಿಲೆ, 2011ರಿಂದ. ಮನಸ್ಸು ಒಮ್ಮೆ ಅತಿ ಹುರುಪಿಗೆ ಏರುತ್ತದೆ, ಇನ್ನೊಮ್ಮೆ ಆಳವಾದ ಖಿನ್ನತೆಗೆ ಇಳಿಯುತ್ತದೆ. ನಾನು ಡಾಕ್ಟರ್ ಅಲ್ಲ. ತಿಪಟೂರಿನ ಹತ್ತಿರದ ಹಳ್ಳಿಯವನು. ತೆಂಗಿನ ತೋಟ, ಎರಡು ಹಸು, ಪೇಟೆಯಲ್ಲಿ ಒಂದು ಮೋಟಾರ್ ವೈಂಡಿಂಗ್ ಅಂಗಡಿ. ಹಾಗಾಗಿ ನಮ್ಮ ಮನೆಯ ಕಥೆ ಹೇಳಬಲ್ಲೆ, ನಿಮ್ಮ ಮಾತ್ರೆಯ ವಿಷಯ ನಿಮ್ಮ ಡಾಕ್ಟರನ್ನೇ ಕೇಳಬೇಕು.

ಮೊದಲ ಪ್ರಶ್ನೆಗೆ ಉತ್ತರ: ಬದುಕಬಹುದು. ನಾನು ಬದುಕುತ್ತಿದ್ದೇನೆ. ಎರಡನೆಯದಕ್ಕೆ ನನ್ನ ಉತ್ತರ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಮನೆಯವರನ್ನು ಒಪ್ಪಿಸಲು ಹೋಗಬೇಡಿ. ಅವರಿಗೆ ಒಂದು ಕೆಲಸ ಕೊಡಿ.

ನನಗೆ ಮೊದಲು ಬಂದಿದ್ದು ಖಿನ್ನತೆ. ಆಗ 24 ವರ್ಷ, ಪೀಣ್ಯದಲ್ಲಿ ಕೆಲಸ. ಒಂದು ದಿನ ಸ್ನಾನಕ್ಕೆ ಅಂತ ಬಕೆಟ್ಟಿಗೆ ನಲ್ಲಿ ಬಿಟ್ಟು ಬಂದು ಮಂಚದ ಮೇಲೆ ಕೂತೆ. ಬಕೆಟ್ ತುಂಬಿ ನೀರು ರೂಮಿನ ತನಕ ಹರಿದು ಬಂತು. ಕಾಲು ಒದ್ದೆಯಾಯಿತು. ಆದರೂ ಏಳಲಿಲ್ಲ. ಕೊನೆಗೆ ಓನರ್ ಆಂಟಿ ಬಂದು ನಲ್ಲಿ ನಿಲ್ಲಿಸಿದರು. ಆ ವಾರವೇ ಬ್ಯಾಗ್ ತಗೊಂಡು ಊರಿಗೆ ಬಂದೆ.

ಒಂದು ಕ್ಲಿನಿಕ್‌ನಲ್ಲಿ ಐದು ನಿಮಿಷ ಮಾತಾಡಿಸಿ ಖಿನ್ನತೆಗೆ ಮಾತ್ರೆ ಬರೆದರು. ಮೂರನೇ ವಾರಕ್ಕೆ ನಾನು ಗಾಳಿಪಟ. ರಾತ್ರಿ ಎರಡು ಗಂಟೆ ಮಲಗಿದರೆ ಸಾಕು, ಸುಸ್ತೇ ಇಲ್ಲ. ಬೆಳಗಿನ ಜಾವ ಮೂರಕ್ಕೆ ಚಿಕ್ಕಪ್ಪನ ಮನೆ ಬಾಗಿಲು ತಟ್ಟಿ, ಕೊಬ್ಬರಿ ಎಣ್ಣೆಯನ್ನು ದುಬೈಗೆ ಕಳಿಸುವ ಪ್ಲಾನ್ ಹೇಳಿದೆ. ಅಕ್ಕನ ಮದುವೆ ಸಾಲ ತೀರಿಸಲು ಅಪ್ಪ ಕೊಬ್ಬರಿ ಮಾರಿ ಇಟ್ಟಿದ್ದ 1,80,000 ರೂಪಾಯಿಯನ್ನು ಟ್ರ್ಯಾಕ್ಟರಿಗೆ ಅಡ್ವಾನ್ಸ್ ಕೊಟ್ಟು ಬಂದೆ. 'ನಿನಗೆ ಹುಷಾರಿಲ್ಲ' ಅಂದವರೆಲ್ಲ ನನ್ನ ಕಣ್ಣಿಗೆ ಹೊಟ್ಟೆಕಿಚ್ಚಿನವರು. ಬೈಪೋಲಾರ್ ಇರುವವರಿಗೆ ಬರೀ ಖಿನ್ನತೆಯ ಮಾತ್ರೆ ಮಾತ್ರ ಕೊಟ್ಟರೆ ಕೆಲವರಲ್ಲಿ ಮನಸ್ಸು ಹೀಗೆ ಇನ್ನೊಂದು ತುದಿಗೆ ಹಾರುತ್ತದೆ ಅಂತ ಆಮೇಲೆ ತಿಳಿಯಿತು. ನಿಮಗೂ ಹಿಂದೆ ಯಾವತ್ತಾದರೂ ಇಂಥ ಅತಿ ಹುರುಪಿನ ದಿನಗಳು ಬಂದಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ. ಅವು ಖುಷಿಯ ದಿನಗಳು ಅಂದುಕೊಂಡು ನಾವೇ ಮುಚ್ಚಿಡುತ್ತೇವೆ.

ಮನೆಯಲ್ಲಿ ಏನೇನು ನಡೆಯಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ, ನಿಮ್ಮ ಮನೆಯದ್ದೇ ಕಥೆ. ಅಮ್ಮ ತಾಯತ ಕಟ್ಟಿಸಿದಳು, ಎಡೆಯೂರಿಗೆ ಹರಕೆ ಹೊತ್ತಳು. ದೊಡ್ಡಮ್ಮ 'ಒಂದು ಮದುವೆ ಮಾಡಿ, ಎಲ್ಲಾ ಸರಿಹೋಗುತ್ತೆ' ಅಂದಳು. ಅಪ್ಪ ಮಾತೇ ಬಿಟ್ಟರು. ಹಾರಿದ ಗಾಳಿಪಟ ಎರಡು ತಿಂಗಳಿಗೆ ನೆಲಕ್ಕೆ ಬಿತ್ತು. ಮೊದಲಿಗಿಂತ ಆಳಕ್ಕೆ. ಆ ದಿನಗಳ ಬಗ್ಗೆ ಜಾಸ್ತಿ ಬರೆಯಲ್ಲ. ಯಾರೂ ಏನೂ ಹೇಳದೆ, ತೋಟದ ಮನೆಯ ಬೀಗದ ಕೈ ಗೋಡೆಯ ಮೊಳೆಯಿಂದ ಅಪ್ಪನ ಉಡುದಾರಕ್ಕೆ ಹೋಯಿತು ಅಂತ ಹೇಳಿದರೆ ಸಾಕು. ಅವರಿಗೆ ಏನೂ ಅರ್ಥವಾಗುತ್ತಿಲ್ಲ ಅಂದುಕೊಂಡಿದ್ದೆ. ಅಷ್ಟು ಮಾತ್ರ ಅರ್ಥವಾಗಿತ್ತು.

ಭಾವ ಹಟ ಮಾಡಿ ನಮ್ಮನ್ನು ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದರು. 22 ದಿನ ಅಡ್ಮಿಟ್ ಆದೆ. ಜೊತೆಗೆ ಮನೆಯವರೊಬ್ಬರು ಇರಬೇಕು ಅಂದರು. ಅಪ್ಪ ಉಳಿದರು. ಯಾರ ಹತ್ತಿರವೂ ಹತ್ತು ನಿಮಿಷ ಕೂತು ಮಾತಾಡದ ಮನುಷ್ಯ ನನ್ನ ಮಂಚದ ಪಕ್ಕ ಟವೆಲ್ ಹಾಸಿಕೊಂಡು 22 ದಿನ ಕಳೆದರು. ಮನೆಯವರನ್ನು ಹೀಗೆ ಜೊತೆಗೆ ಇರಿಸಿಕೊಳ್ಳುವುದು ನಮ್ಮ ದೇಶದಲ್ಲಿ ಹೊಸದೇನಲ್ಲ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅನ್ನುವವರು ರೋಗಿಗಳ ಮನೆಯವರಿಗೆ ಆಸ್ಪತ್ರೆಯ ಆವರಣದಲ್ಲೇ ಟೆಂಟ್ ಹಾಕಿಸಿ ಉಳಿಸಿಕೊಂಡಿದ್ದರು. ಅದರ ಲಾಭ ಏನು ಅಂತ ನಾನು ಕಣ್ಣಾರೆ ಕಂಡೆ. ಡಾಕ್ಟರು ಹೇಳಿದ್ದು ಅಪ್ಪನ ತಲೆಗೆ ಹತ್ತಲಿಲ್ಲ. ಆದರೆ ಸಾಯಂಕಾಲ ಕಾಫಿಗೆ ಹೋದಾಗ ಸಿಕ್ಕ ರಾಯಚೂರಿನ ರೈತ, ಮಗಳನ್ನು ಕರೆತಂದಿದ್ದ ಒಬ್ಬ ಪೊಲೀಸ್ ಪೇದೆ, ಇವರ ಜೊತೆ ಮಾತಾಡಿ ಬಂದ ದಿನ ರಾತ್ರಿ ಮೊದಲ ಸಲ ನನ್ನ ಕಡೆ ತಿರುಗಿ ಮಲಗಿದರು. 'ಆ ಪೊಲೀಸಿನವನ ಮಗಳು ಎಂ.ಎಸ್ಸಿ. ಓದೈತಂತೆ ಕಣ್ಲಾ' ಅಂದರು. ಅಷ್ಟೇ.

ಡಿಸ್ಚಾರ್ಜ್‌ಗೆ ಮುಂಚೆ ಅಲ್ಲಿನ ಸೋಷಿಯಲ್ ವರ್ಕರ್ ಒಬ್ಬರು ಅಪ್ಪನನ್ನು ಕೂರಿಸಿಕೊಂಡರು. ಕಾಯಿಲೆಯ ಪಾಠ ಮಾಡುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು, 'ಯಜಮಾನ್ರೇ, ಡೈರಿಗೆ ಹಾಲು ಹಾಕ್ತೀರಲ್ಲ, ಲೆಕ್ಕ ಎಲ್ಲಿ ಬರೀತೀರಿ?'

'ಕ್ಯಾಲೆಂಡರ್‌ನಾಗೆ.'

'ಅದರ ಕೆಳಗೇ ಮಗ ಎಷ್ಟು ಗಂಟೆ ಮಲಗಿದ ಅಂತ ಒಂದು ಅಂಕಿ ಬರೀರಿ. ಮುಂದಿನ ಸಲ ಬರುವಾಗ ಆ ಹಾಳೆ ತನ್ನಿ.'

ನಮ್ಮದು ಬೆಂಗಳೂರು ಪ್ರೆಸ್ ಕ್ಯಾಲೆಂಡರ್, ಅಡುಗೆಮನೆ ಬಾಗಿಲ ಪಕ್ಕ ನೇತು ಹಾಕಿರುತ್ತದೆ, ದಾರದಲ್ಲಿ ಕಟ್ಟಿದ ಮೋಟು ಪೆನ್ಸಿಲ್ ಸಮೇತ. ಮಾರನೇ ದಿನದಿಂದ ಆ ಚೌಕದಲ್ಲಿ ಎರಡು ಸಾಲು ಶುರುವಾಯಿತು. 'ಹಾ 6½, ನಿ 8.' ಹಾಲು ಆರೂವರೆ ಲೀಟರ್, ನಿದ್ದೆ ಎಂಟು ಗಂಟೆ. ಅಪ್ಪನಿಗೆ ಈ ಕಾಯಿಲೆಯ ಹೆಸರು ಇವತ್ತಿಗೂ ಬಾಯಿಗೆ ಬರಲ್ಲ. 'ಬೈಪಾಸು' ಅಂತಾರೆ. ಆದರೆ ಹದಿಮೂರು ವರ್ಷ ಮೀರಿತು, ಅವರು ಒಂದು ದಿನವೂ ಅಂಕಿ ತಪ್ಪಿಸಿಲ್ಲ.

ನಿದ್ದೆಯೇ ಯಾಕೆ ಅಂದರೆ, ಮನಸ್ಸು ಮೇಲೇಳುವಾಗ ಹೆಚ್ಚಿನವರಲ್ಲಿ ಮೊದಲು ಕಡಿಮೆಯಾಗುವುದು ಅದೇ. ನಿದ್ದೆಗೆಟ್ಟರೆ ಮನಸ್ಸು ಮೇಲೇಳುವುದೂ ಉಂಟು. ಮದುವೆ ಮನೆ, ಜಾತ್ರೆ, ರಾತ್ರಿ ಬಸ್ಸು, ಎಲ್ಲಾ ಲೆಕ್ಕಕ್ಕೆ ಬರುತ್ತವೆ. ನಮ್ಮ ಮನೆಯ ಒಪ್ಪಂದ ಹೀಗಿದೆ: ಎರಡು ರಾತ್ರಿ ಸತತವಾಗಿ ಐದು ಗಂಟೆಗಿಂತ ಕಡಿಮೆ ಅಂಕಿ ಬಿದ್ದರೆ ವಾದ ಇಲ್ಲ, ಡಾಕ್ಟರಿಗೆ ಫೋನ್, ಎಟಿಎಂ ಕಾರ್ಡ್ ಅಕ್ಕನ ಕೈಗೆ. ಈ ಒಪ್ಪಂದ ಮಾಡಿದ್ದು ನಾನು ಚೆನ್ನಾಗಿದ್ದಾಗ. ಹುಚ್ಚು ಹುರುಪಿನಲ್ಲಿದ್ದಾಗ ಮಾಡಿದ್ದರೆ ನಾನೇ ಕಾರ್ಡ್ ಇಟ್ಟುಕೊಳ್ಳುತ್ತಿದ್ದೆ, ಅಲ್ವಾ?

ಅಮ್ಮನ ಕೆಲಸ ಉಪ್ಪು. ನನಗೆ ಕೊಡುತ್ತಿರುವುದು ಲಿಥಿಯಂ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಅನ್ನುವ ಡಾಕ್ಟರು ಈ ಕಾಯಿಲೆಗೆ ಅದು ಆಗುತ್ತದೆ ಅಂತ ಬರೆದರು. ಫೋನ್ ಬ್ಯಾಟರಿಯಲ್ಲೂ ಅದೇ ಇರುವುದು ಅಂತ ಭಾವ ಹೇಳಿದ ಮೇಲೆ ಅಪ್ಪ ಬೆಳಿಗ್ಗೆ 'ಏನ್ಲಾ, ಚಾರ್ಜ್ ಆಯ್ತಾ?' ಅಂತ ಶುರು ಮಾಡಿದರು. ಅಪ್ಪ ಜೋಕ್ ಮಾಡಿದ್ದು ನಾನು ಅದೇ ಮೊದಲು ಕೇಳಿದ್ದು. ಈ ಮಾತ್ರೆ ರಕ್ತದಲ್ಲಿ ಹದವಾಗಿರಬೇಕು. ಸಾಮಾನ್ಯವಾಗಿ 0.6ರಿಂದ 1.0ರ ಒಳಗೆ ಅಂತಾರೆ. ಜಾಸ್ತಿಯಾದರೆ ವಿಷ. ಹಾಗಾಗಿ ಕೊನೆಯ ಮಾತ್ರೆ ನುಂಗಿ 12 ಗಂಟೆ ಕಳೆದ ಮೇಲೆ ಪರೀಕ್ಷೆಗೆ ರಕ್ತ ಕೊಡಬೇಕು, ಆಗಾಗ ಥೈರಾಯ್ಡ್, ಕಿಡ್ನಿ ಪರೀಕ್ಷೆಯೂ ಆಗಬೇಕು. ಊಟದಲ್ಲಿ ಇದ್ದಕ್ಕಿದ್ದಂತೆ ಉಪ್ಪು ಕಡಿಮೆ ಮಾಡಿದರೆ, ವಾಂತಿ ಭೇದಿಯಾಗಿ ಮೈಯ ನೀರು ಹೋದರೆ, ಮೆಡಿಕಲ್ ಸ್ಟೋರಿನಿಂದ ಸುಮ್ನೆ ಮೈಕೈ ನೋವಿನ ಮಾತ್ರೆ ತಂದು ನುಂಗಿದರೆ ಅದರ ಮಟ್ಟ ಏರಬಹುದು. ಅಮ್ಮ ತನ್ನ ಬಿಪಿಗೆ ಅಂತ ಮನೆಗೆಲ್ಲ ಸಪ್ಪೆ ಸಾರು ಮಾಡುತ್ತಿದ್ದಳು. ಈಗ ಎರಡು ಪಾತ್ರೆ. ಮಾತ್ರೆ ಬಿಡು ಅನ್ನುತ್ತಿದ್ದ ಅದೇ ಅಮ್ಮ ಈಗ ಮದುವೆ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಬಗ್ಗಿ 'ನೀರು ಕುಡಿದ್ಯಾ?' ಅಂತಾಳೆ. ಎಡೆಯೂರಿನ ಹರಕೆಯನ್ನೂ ತೀರಿಸಿದೆವು. ದೇವರಿಗೆ ಹೋಗಬೇಡಿ ಅಂತ ನನ್ನ ಡಾಕ್ಟರು ಯಾವತ್ತೂ ಹೇಳಲಿಲ್ಲ. ಮಾತ್ರೆ ಬಿಟ್ಟು ಹೋಗಬೇಡಿ ಅಂದರು.

ಅಕ್ಕನಿಗೆ ಮಾತ್ರ ಕಷ್ಟವಾಯಿತು. ಅವಳದು ಬಾಯಿ ಜೋರು. 'ಎದ್ದು ಸ್ನಾನ ಮಾಡೋ ಸೋಮಾರಿ' ಅಂತ ಶುರುವಾದರೆ ಟ್ರ್ಯಾಕ್ಟರ್ ತನಕ ಹೋಗಿಯೇ ನಿಲ್ಲುತ್ತಿತ್ತು. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಅನ್ನುವ ಸಂಶೋಧಕರು 1950ರ ದಶಕದಿಂದ ಇದನ್ನು ನೋಡುತ್ತಾ ಬಂದಿದ್ದರು. ಆಸ್ಪತ್ರೆಯಿಂದ ಮನೆಗೆ ಹೋದವರಲ್ಲಿ ಯಾರಿಗೆ ಕಾಯಿಲೆ ಮರುಕಳಿಸುತ್ತದೆ ಅಂತ ಹುಡುಕುತ್ತಾ ಹೋದರೆ, ಮನೆಯ ಮಾತಿನ ಧಾಟಿಗೂ ಅದಕ್ಕೂ ಸಂಬಂಧ ಕಂಡಿತು. ಚುಚ್ಚುಮಾತು ಜಾಸ್ತಿ ಇದ್ದ ಮನೆಗಳಲ್ಲಿ ಮರುಕಳಿಸುವುದೂ ಜಾಸ್ತಿ. ಅವರು ನೋಡಿದ್ದು ಬೇರೆ ಕಾಯಿಲೆಯವರನ್ನು. ಆಮೇಲೆ ಖಿನ್ನತೆ, ಬೈಪೋಲಾರ್ ಇರುವವರಲ್ಲೂ ಅದೇ ಕಂಡಿತು. ಅತಿಯಾದ ಕಾಳಜಿಯೂ ಅದೇ ಲೆಕ್ಕಕ್ಕೆ ಬರುತ್ತದಂತೆ, ಬಚ್ಚಲುಮನೆ ಬಾಗಿಲಲ್ಲಿ ಕಾಯುತ್ತಿದ್ದ ನಮ್ಮಮ್ಮನ ಥರದ್ದು. ಇದನ್ನೆಲ್ಲ ಅಕ್ಕನಿಗೆ ಹೇಳಿದರೆ 'ಹಂಗಾದ್ರೆ ನನ್ನಿಂದಲೇ ನಿನಗೆ ಬಂತಾ?' ಅಂತ ಅತ್ತಳು. ಅಲ್ಲ, ಕಾಯಿಲೆ ಅವಳಿಂದ ಬಂದಿದ್ದಲ್ಲ. ಅದನ್ನು ಸ್ಪಷ್ಟವಾಗಿ ಹೇಳಬೇಕು. ಆಮೇಲೆ ಅವಳಿಗೆ ಕಾರ್ಡ್ ಕಾಯುವ ಕೆಲಸ ಕೊಟ್ಟೆ. ಕೈಗೆ ಕೆಲಸ ಬಂದ ಮೇಲೆ ಬಾಯಿ ಕಡಿಮೆಯಾಯಿತು.

'ಎಷ್ಟು ದಿನ ಈ ಮಾತ್ರೆ?' ಅನ್ನುವುದು ನಿಮ್ಮಮ್ಮನ ಪ್ರಶ್ನೆ ಕೂಡ ಇರಬೇಕು. ಅದಕ್ಕೆ ಡಾಕ್ಟರಿಗಿಂತ ಚೆನ್ನಾಗಿ ಉತ್ತರ ಕೊಟ್ಟವರು ಅಪ್ಪ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವುದು ಕಾಯಿಯನ್ನು ಅಟ್ಟದ ಮೇಲೆ ಹಾಕಿ. ಒಳಗಿನ ನೀರು ತಾನಾಗಿ ಇಂಗಬೇಕು, ಸುಮಾರು ಒಂದು ವರ್ಷ ಹಿಡಿಯುತ್ತದೆ. 'ಮಧ್ಯದಾಗೆ ಒಡೆದ್ರೆ ಕಾಯೂ ಇಲ್ಲ, ಕೊಬ್ರಿನೂ ಇಲ್ಲ. ಅಟ್ಟದ ಮ್ಯಾಲೆ ಬಿಡು' ಅಂದರು.

ನಾನು ಒಡೆದೆ. 2016ರಲ್ಲಿ, ಎಲ್ಲಾ ಚೆನ್ನಾಗಿದೆಯಲ್ಲ ಅಂತ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದೆ. ಎರಡು ತಿಂಗಳು ಏನೂ ಆಗಲಿಲ್ಲ. ಆಮೇಲೆ ಕ್ಯಾಲೆಂಡರ್‌ನಲ್ಲಿ 6, 5, 4, 3. ಅಪ್ಪ ನನ್ನನ್ನು ಏನೂ ಕೇಳಲಿಲ್ಲ. ಹಾಳೆ ಹರಿದು ಜೇಬಿಗಿಟ್ಟುಕೊಂಡು 'ನಡಿ ಬೆಂಗ್ಳೂರಿಗೆ' ಅಂದರು. ಅಡ್ಮಿಟ್ ಆಗಬೇಕಾಗಲಿಲ್ಲ, ದುಡ್ಡು ಹೋಗಲಿಲ್ಲ, ಹನ್ನೊಂದು ದಿನಕ್ಕೆ ಮತ್ತೆ ಅಂಗಡಿ ಬಾಗಿಲು ತೆಗೆದೆ. ಮೊದಲ ಸಲ ಇದೇ ಏರಿಳಿತ ನನ್ನ ಆರು ತಿಂಗಳು ನುಂಗಿತ್ತು. ಭರವಸೆ ಎಲ್ಲಿಂದ ತರಲಿ ಅಂತ ಕೇಳಿದ್ದೀರಲ್ಲ, ನನಗೆ ಅದು ಸಿಕ್ಕಿದ್ದು ಇಲ್ಲಿ. ಕಾಯಿಲೆ ಹೋಗಿಲ್ಲ. ಆರು ತಿಂಗಳಾಗಿದ್ದು ಹನ್ನೊಂದು ದಿನವಾಯಿತು.

ಇನ್ನು ನಿಮಗೆ ಉಪಯೋಗಕ್ಕೆ ಬರುವ ಒಂದೆರಡು ವಿಷಯ. ಬೆಂಗಳೂರು ದೂರವಾದರೆ ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಮಾನಸಿಕ ಆಸ್ಪತ್ರೆ ಇದೆ, ಜಿಲ್ಲಾ ಆಸ್ಪತ್ರೆಯಲ್ಲೂ ಮನೋವೈದ್ಯರು ಸಿಗುತ್ತಾರೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಅಲ್ಲೇ ವಿಚಾರಿಸಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ, ನಮಗೆ ಹುಷಾರಿಲ್ಲದಾಗ ನಮ್ಮ ಪರವಾಗಿ ಮಾತಾಡುವವರು ಯಾರು ಅಂತ ನಾವೇ ಮೊದಲೇ ಬರೆದಿಡಬಹುದು. ನಾನು ಹೆಂಡತಿಯ ಹೆಸರು ಬರೆದಿದ್ದೇನೆ. (ಹೌದು, ಮದುವೆಯಾಗಿದೆ. ನಿಶ್ಚಿತಾರ್ಥಕ್ಕೆ ಮೊದಲೇ ಮಾತ್ರೆ ಡಬ್ಬಿ ತೋರಿಸಿದ್ದೆ. ಇಬ್ಬರು ಬೇಡ ಅಂದರು. ಮೂರನೆಯವಳು 'ಬೆಳಿಗ್ಗೆನಾ ರಾತ್ರಿನಾ?' ಅಂತ ಕೇಳಿದಳು.)

ಇದಕ್ಕಿಂತ ಮುಖ್ಯ: ಬದುಕೇ ಬೇಡ ಅನ್ನಿಸುವ ರಾತ್ರಿ ಬಂದರೆ ಅಪ್ಪ ಅಮ್ಮ ಅರ್ಥ ಮಾಡಿಕೊಳ್ಳುತ್ತಾರಾ ಇಲ್ಲವಾ ಅಂತ ಯೋಚಿಸುತ್ತಾ ಕೂರಬೇಡಿ. ಅವರನ್ನು ಎಬ್ಬಿಸಿ, 'ನನ್ನ ಪಕ್ಕ ಕೂತುಕೊಳ್ಳಿ' ಅನ್ನಿ. ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ್ದು, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೇಡ. ಜೀವಕ್ಕೇ ಅಪಾಯ ಅನ್ನಿಸಿದರೆ ನೇರವಾಗಿ ಹತ್ತಿರದ ಆಸ್ಪತ್ರೆಗೆ ಹೋಗಿ.

ನಿಮ್ಮ ಅಪ್ಪನ ವಿಷಯಕ್ಕೆ ಬಂದರೆ, 'ಇದು ನಿಜವಾದ ಕಾಯಿಲೆ' ಅಂತ ಇನ್ನೊಂದು ಸಲ ವಾದ ಮಾಡಬೇಡಿ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ 'ಒಬ್ಬನಿಗೇ ಬೇಜಾರು, ಜೊತೆಗೆ ಬನ್ನಿ' ಅಂತಲೋ, 'ಒಬ್ಬಳೇ ಹೋಗೋಕೆ ಭಯ' ಅಂತಲೋ ಕರೆಯಿರಿ. ಅವರು ದಿನಾ ಏನು ಲೆಕ್ಕ ಇಡುತ್ತಾರೆ ಗಮನಿಸಿ. ಹಾಲೋ, ನ್ಯೂಸ್‌ಪೇಪರ್ರೋ, ವಾಕಿಂಗೋ, ಶುಗರ್ ಮಾತ್ರೆಯೋ. ಅದರ ಪಕ್ಕದಲ್ಲಿ ನಿಮ್ಮದೊಂದು ಅಂಕಿಗೆ ಜಾಗ ಕೇಳಿ. ಮೊದಲ ವಾರ ಮರೆಯುತ್ತಾರೆ. ನೀವೇ ನೆನಪಿಸಿ.

ಇದನ್ನು ಬರೆಯುತ್ತಾ ಹತ್ತೂಮುಕ್ಕಾಲು ಆಯಿತು. ಜಗಲಿಯಿಂದ ಅಪ್ಪ ಎರಡು ಸಲ ಕೆಮ್ಮಿದರು. ಹಾಗಂದರೆ ಲೈಟ್ ಆರಿಸು ಅಂತ.