ಉಣಕಲ್ ಕೆರೆಯಲ್ಲಿ ಸಿಕ್ಕಿದ್ದು ಸನ್‌ಫಿಶ್ ಅಲ್ಲ, ಜಿಲೇಬಿ ಇರಬೇಕು

ಹುಬ್ಬಳ್ಳಿಯ ಉಣಕಲ್ ಕೆರೆಯಲ್ಲಿ ಸಿಕ್ಕ ಮೀನಿನ ಫೋಟೋ ಹಾಕಿ ಇದು ಯಾವ ಮೀನು ಅಂತ ಕೇಳಿದ್ದೀರಿ. ಅದು ತಿಲಾಪಿಯಾ ಮರಿ ಇರಬೇಕು. ಜಿಲೇಬಿ ಮೀನು ಅಂತಾರಲ್ಲ, ಅದೇ. ಬೆನ್ನಿನ ರೆಕ್ಕೆಯ ಹಿಂಭಾಗದಲ್ಲಿ ಕಪ್ಪು ಚುಕ್ಕೆ ಇದೆ, ಫೋಟೋ ನೋಡಿ ಮೀನು ಗುರುತಿಸುವ ಆ್ಯಪ್ ಬ್ಲೂಗಿಲ್ ಸನ್‌ಫಿಶ್ ಅಂತಿದೆ ಅಂದಿರಿ. ಆ ಚುಕ್ಕೆಯೇ ಆ್ಯಪನ್ನು ದಾರಿ ತಪ್ಪಿಸಿರಬೇಕು. ಬ್ಲೂಗಿಲ್‌ಗೂ ಅಲ್ಲೇ ಚುಕ್ಕೆ ಇರುತ್ತದೆ, ಆದರೆ ಅದು ಉತ್ತರ ಅಮೆರಿಕದ ಮೀನು. ತಿಲಾಪಿಯಾ ಮರಿಗಳಲ್ಲಿ ಚುಕ್ಕೆ ಎದ್ದು ಕಾಣುತ್ತದೆ, ಬೆಳೆದಂತೆ ಮಾಸುತ್ತದೆ.

ಮೊದಲು ಮೂತಿಯ ಲೋಳೆ ಒರೆಸಿ ಮೂಗು ನೋಡಿ. ಕಣ್ಣಿನ ಮುಂದೆ, ಒಂದು ಬದಿಗೆ ಒಂದೇ ತೂತು ಇದ್ದರೆ ತಿಲಾಪಿಯಾ ಬಳಗ. ಸನ್‌ಫಿಶ್‌ಗೆ ಎರಡೆರಡು. ಹಿಡಿಯುವಾಗ ತಲೆಯಿಂದ ಬಾಲದ ಕಡೆಗೆ ಕೈ ಸವರಿ, ಬೆನ್ನಿನ ಮುಳ್ಳು ಸುಮ್ನೆ ಬಿಡಲ್ಲ!

ಆಮೇಲೆ ಪಕ್ಕೆಯ ಮೇಲಿನ ಸಣ್ಣ ಗೆರೆ. ತಿಲಾಪಿಯಾದಲ್ಲಿ ಅದು ಮಧ್ಯೆ ತುಂಡಾಗಿ, ಸ್ವಲ್ಪ ಕೆಳಗಿನಿಂದ ಮತ್ತೆ ಶುರುವಾಗುತ್ತದೆ. ಸನ್‌ಫಿಶ್‌ನಲ್ಲಿ ಒಂದೇ ಗೆರೆ.

ಯಾವ ತಿಲಾಪಿಯಾ ಅಂತ ಮಾತ್ರ ಈ ಫೋಟೋದಲ್ಲಿ ಹೇಳೋದು ಕಷ್ಟ, ಬಾಲ ಮಡಚಿದೆ. ಬಾಲ ಬಿಡಿಸಿ ನೋಡಿ. ಬಾಲದ ತುಂಬ ಮೇಲಿನಿಂದ ಕೆಳಕ್ಕೆ ಇಳಿಯುವ ಪಟ್ಟೆಗಳು ಸ್ಪಷ್ಟವಾಗಿದ್ದರೆ ನೈಲ್ ತಿಲಾಪಿಯಾ. ಇಲ್ಲದಿದ್ದರೆ 1952ರಲ್ಲಿ ಭಾರತಕ್ಕೆ ತಂದ ಮೊಜಾಂಬಿಕ್ ತಿಲಾಪಿಯಾ ಇರುವ ಸಾಧ್ಯತೆ ಜಾಸ್ತಿ. ಎರಡೂ ಹೊರಗಿನವೇ, ಬೇಗ ಮರಿ ಮಾಡುತ್ತವೆ. ಹಾಗಾಗಿ ಜೀವಂತ ಒಯ್ದು ಇನ್ನೊಂದು ಕೆರೆಗೋ ಕೃಷಿಹೊಂಡಕ್ಕೋ ಬಿಡಬೇಡಿ.