ಬಜೆಟ್ಟಿನಲ್ಲಿ ಇದೆ, ಬೀದಿಯಲ್ಲಿ ಇಲ್ಲ

ಓದುಗರ ಪ್ರಶ್ನೆಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ನಗರಸಭೆ, ಪುರಸಭೆಯ ದುಡ್ಡಿನ ಕುರಿತಾದವು. ಪೌರಾಡಳಿತದ ಲೆಕ್ಕಪತ್ರ ಮತ್ತು ಕಾಮಗಾರಿ ಎರಡನ್ನೂ ಬಲ್ಲವರಿಂದ ಉತ್ತರ ಬರೆಸಿದ್ದೇವೆ.

ನಮ್ಮ ವಾರ್ಡಿನ ಸದಸ್ಯರು ಮಾರ್ಚ್ ತಿಂಗಳಲ್ಲೇ ವಾಟ್ಸಾಪ್ ಗುಂಪಿಗೆ ‘ನಮ್ಮ ಗಲ್ಲಿಯ ರಸ್ತೆ, ಗಟಾರಕ್ಕೆ 20 ಲಕ್ಷ ಇಡಿಸಿದ್ದೇನೆ’ ಎಂದು ಹಾಕಿದ್ದರು. ಚೌತಿ ಹಬ್ಬ ಬಂದು ಹೋಯಿತು, ಒಂದು ಬುಟ್ಟಿ ಜಲ್ಲಿಯೂ ಬಿದ್ದಿಲ್ಲ. ದುಡ್ಡು ಎಲ್ಲಿ ಹೋಯಿತು?
– ನಂದನಗದ್ದಾ, ಕಾರವಾರ

ಬಹುಶಃ ಎಲ್ಲಿಗೂ ಹೋಗಿಲ್ಲ, ಇನ್ನೂ ಬಂದೇ ಇಲ್ಲ. ಬಜೆಟ್ ಎಂದರೆ ಏಪ್ರಿಲ್ 1ರಿಂದ ಮುಂದಿನ ಮಾರ್ಚ್ 31ರವರೆಗೆ ಏನು ಬರಬಹುದು, ಏನು ಖರ್ಚಾಗಬಹುದು ಎಂಬ ಅಂದಾಜು. ‘ಇಡಿಸಿದ್ದೇನೆ’ ಎನ್ನುವ ಮಾತು ಸುಳ್ಳಲ್ಲ, ಆದರೆ ಅದು ಮೊದಲ ಮೆಟ್ಟಿಲು ಮಾತ್ರ. ಅದಾದ ಮೇಲೆ ಯಾವ ಅನುದಾನದಲ್ಲಿ ಯಾವ ಕೆಲಸ ಎಂಬ ಕ್ರಿಯಾಯೋಜನೆ ಆಗಬೇಕು, ಅದಕ್ಕೆ ಜಿಲ್ಲಾಧಿಕಾರಿ ಕಚೇರಿಯ ಅನುಮೋದನೆ ಬೇಕು. ಆಮೇಲೆ ಇಂಜಿನಿಯರ್ ಅಂದಾಜುಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರ್, ಒಪ್ಪಂದ, ಕಾರ್ಯಾದೇಶ. ಕಾರ್ಯಾದೇಶ ಕೈಗೆ ಬರುವವರೆಗೆ ಗುತ್ತಿಗೆದಾರ ಪಿಕಾಸಿ ಎತ್ತುವಂತಿಲ್ಲ.

ನಮ್ಮ ಕರಾವಳಿಯಲ್ಲಿ ಇನ್ನೊಂದು ಪೇಚಿದೆ. ಸರ್ಕಾರದ ವರ್ಷ ಏಪ್ರಿಲ್‌ಗೆ ಶುರುವಾಗುತ್ತದೆ, ನಮ್ಮ ಮಳೆ ಜೂನ್‌ಗೆ. ಕ್ರಿಯಾಯೋಜನೆ ಮೇ ಕೊನೆಗೆ ಅನುಮೋದನೆಯಾದರೂ ಡಾಂಬರು ಹಾಕುವ ಹಾಗಿಲ್ಲ. ಒದ್ದೆ ನೆಲಕ್ಕೆ ಬಿಸಿ ಡಾಂಬರು ಹಿಡಿಯುವುದಿಲ್ಲ, ತಿಂಗಳೊಳಗೆ ಪದರ ಪದರವಾಗಿ ಏಳುತ್ತದೆ. ಹಾಗಾಗಿ ಕೆಲಸಕ್ಕೆ ನಿಜವಾಗಿ ಸಿಗುವುದು ನವೆಂಬರ್‌ನಿಂದ ಮೇ ನಡುವಿನ ಆರೇಳು ತಿಂಗಳು. ಜಾಣತನ ಇರುವುದು ಮಳೆಗಾಲದಲ್ಲೇ ಅಂದಾಜುಪಟ್ಟಿ ಮತ್ತು ಟೆಂಡರ್ ಮುಗಿಸಿ, ಮಳೆ ಬಿಟ್ಟ ವಾರಕ್ಕೆ ಕಾರ್ಯಾದೇಶ ಕೊಡುವುದರಲ್ಲಿ. ಇದಾಗದೆ ಟೆಂಡರ್ ಜನವರಿಗೆ ಹೋದರೆ ಮಾರ್ಚ್‌ನಲ್ಲಿ ಬಿಲ್ ಮಾಡುವ ಅವಸರ, ಮೇ ತಿಂಗಳಲ್ಲಿ ಅರ್ಧ ಅಗೆದ ಗಟಾರ, ಜೂನ್‌ನಲ್ಲಿ ಅಂಗಳಕ್ಕೆ ನೀರು. ನಡುವೆ ಚುನಾವಣೆಯ ನೀತಿ ಸಂಹಿತೆ ಬಂದರೆ ಹೊಸ ಕೆಲಸ ಶುರುಮಾಡುವಂತಿಲ್ಲ. ಆದರೆ ಆಗಲೇ ಶುರುವಾದ ಕೆಲಸಕ್ಕೆ ಅಡ್ಡಿಯಿಲ್ಲ. ‘ನೀತಿ ಸಂಹಿತೆ ಇದೆ’ ಎಂದು ನಡೆಯುತ್ತಿರುವ ಕೆಲಸ ನಿಲ್ಲಿಸಿದ್ದರೆ ಕಾರಣ ಬೇರೆಯೇ ಇರುತ್ತದೆ.

ಆದ್ದರಿಂದ ‘ದುಡ್ಡು ಎಲ್ಲಿ’ ಎಂದು ಕೇಳುವುದರ ಬದಲು ‘ಕ್ರಿಯಾಯೋಜನೆಯ ಕ್ರಮಸಂಖ್ಯೆ ಎಷ್ಟು, ಈಗ ಯಾವ ಹಂತ’ ಎಂದು ಕೇಳಿ. ಕ್ರಮಸಂಖ್ಯೆಯೇ ಇಲ್ಲ ಎಂದಾದರೆ ಆ 20 ಲಕ್ಷ ಸದ್ಯಕ್ಕೆ ವಾಟ್ಸಾಪ್‌ನಲ್ಲಿ ಮಾತ್ರ ಇದೆ.

ಪ್ರತಿ ವರ್ಷ ‘ಇಷ್ಟು ಲಕ್ಷ ಉಳಿತಾಯ ಬಜೆಟ್’ ಎಂದು ಪೇಪರಿನಲ್ಲಿ ಬರುತ್ತದೆ. ಕೇಳಲು ಹೋದರೆ ‘ಹಣ ಇಲ್ಲ’ ಎನ್ನುತ್ತಾರೆ. ಉಳಿದದ್ದು ಏನು ಮಾರಾಯ್ರೇ?
– ಕುಮಟಾ

ಒಂದು ಊಹೆಯ ಲೆಕ್ಕ ನೋಡಿ. ಆರಂಭಿಕ ಶಿಲ್ಕು 12 ಕೋಟಿ, ವರ್ಷದ ಜಮೆ 40 ಕೋಟಿ, ಖರ್ಚು 51.5 ಕೋಟಿ. ಉಳಿತಾಯ 50 ಲಕ್ಷ ಎಂದು ಘೋಷಣೆ. ಆದರೆ ಆ ವರ್ಷದ ಗಳಿಕೆಗಿಂತ ಖರ್ಚು 11.5 ಕೋಟಿ ಹೆಚ್ಚು! ಉಳಿತಾಯ ಕಾಣಿಸಿದ್ದು ಹಿಂದಿನ ವರ್ಷ ಖರ್ಚಾಗದೆ ಉಳಿದ ಶಿಲ್ಕಿನಿಂದ, ಅದರಲ್ಲಿ ದೊಡ್ಡ ಪಾಲು ಯಾವುದೋ ಉದ್ದೇಶಕ್ಕೆ ಕಟ್ಟುಬಿದ್ದ ಅನುದಾನ. ಉಳಿತಾಯದ ಅಂಕಿಯನ್ನು ನಾವು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ, ನೀವೂ ತೆಗೆದುಕೊಳ್ಳಬೇಡಿ.

ಬಜೆಟ್ ಪುಸ್ತಕ ಕೈಗೆ ಸಿಕ್ಕರೆ ರಾಜಸ್ವ, ಬಂಡವಾಳ, ಅಸಾಮಾನ್ಯ ಎಂಬ ಮೂರು ಭಾಗಗಳನ್ನು ಬೇರೆಬೇರೆಯಾಗಿ ಓದಿ. ಆಸ್ತಿ ತೆರಿಗೆ, ನೀರಿನ ಕರ, ಮಳಿಗೆ ಬಾಡಿಗೆ, ವ್ಯಾಪಾರ ಪರವಾನಗಿ ಶುಲ್ಕ ರಾಜಸ್ವದಲ್ಲಿ. ನಿಜವಾಗಿ ಊರಿನದೇ ದುಡ್ಡು ಎಂದರೆ ಇದಿಷ್ಟೇ. ಉಪಕರ, ಠೇವಣಿ, ಜಿಎಸ್‌ಟಿಯಂತಹ ‘ಬಂದು ಹೋಗುವ’ ಹಣ ಅಸಾಮಾನ್ಯದಲ್ಲಿ. ಒಟ್ಟು ಬಜೆಟ್ ಗಾತ್ರವನ್ನು ಉಬ್ಬಿಸುವುದೂ ಇದೇ.

ಇನ್ನು ಕಟ್ಟುಬಿದ್ದ ಅನುದಾನ. 15ನೇ ಹಣಕಾಸು ಆಯೋಗ (2021–26) ನಮ್ಮಂಥ ಸಣ್ಣ ಪಟ್ಟಣಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ. 60 ನಿರ್ಬಂಧಿತ: ಅರ್ಧ ಕುಡಿಯುವ ನೀರು ಮತ್ತು ಮಳೆನೀರು ಕೊಯ್ಲಿಗೆ, ಅರ್ಧ ಸ್ವಚ್ಛತೆ ಮತ್ತು ಕಸ ವಿಲೇವಾರಿಗೆ. ಅದರಿಂದ ನಿಮ್ಮ ಗಲ್ಲಿಗೆ ಕಾಂಕ್ರೀಟ್ ಹಾಕಿದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರುತ್ತದೆ. ಸಂಸ್ಥೆಯ ಸ್ವಂತ ನಿಧಿಯಲ್ಲೂ ಶೇ. 24.10 ಪರಿಶಿಷ್ಟ ಜಾತಿ-ಪಂಗಡದವರಿಗೆ, ಶೇ. 7.25 ಇತರ ಬಡವರಿಗೆ, ಶೇ. 5 ಅಂಗವಿಕಲರಿಗೆ ಮೀಸಲು. ಈ ಮೂರನ್ನು ವರ್ಷ ಕೊನೆಯವರೆಗೆ ಮುಟ್ಟದೆ ಇಟ್ಟು, ಮುಂದಿನ ವರ್ಷದ ಶಿಲ್ಕಿಗೆ ಸೇರಿಸಿ ‘ಉಳಿತಾಯ’ ಎಂದು ತೋರಿಸುವ ಚಾಳಿ ಹಲವೆಡೆ ಇದೆ. ಬಜೆಟ್ ಪೂರ್ವಭಾವಿ ಸಭೆಗೆ ಹೋದವರು ಕೇಳಬೇಕಾದ ಮೊದಲ ಪ್ರಶ್ನೆ ಇದು: ಕಳೆದ ವರ್ಷದ ಶೇ. 24.10ರಲ್ಲಿ ಖರ್ಚಾದದ್ದು ಎಷ್ಟು?

ಆಸ್ತಿ ತೆರಿಗೆ ಚಲನ್‌ನಲ್ಲಿ ತೆರಿಗೆಗಿಂತ ಬೇರೆ ಸಾಲುಗಳೇ ಜಾಸ್ತಿ. ಅವೆಲ್ಲ ನಗರಸಭೆಗೇ ಹೋಗುತ್ತವೆಯೇ?
– ರಾಯರಪೇಟೆ, ಶಿರಸಿ

ಇಲ್ಲ. ನಿಮ್ಮ ಆಸ್ತಿ ತೆರಿಗೆ 4,000 ರೂಪಾಯಿ ಎಂದಿಟ್ಟುಕೊಳ್ಳಿ. ಅದರ ಮೇಲೆ ಆರೋಗ್ಯ ಉಪಕರ ಶೇ. 15 ಅಂದರೆ 600, ಗ್ರಂಥಾಲಯ ಉಪಕರ ಶೇ. 6 ಅಂದರೆ 240, ಭಿಕ್ಷುಕರ ಉಪಕರ ಶೇ. 3 ಅಂದರೆ 120, ನಗರ ಸಾರಿಗೆ ಉಪಕರ ಶೇ. 2 ಅಂದರೆ 80. ಈ 1,040 ರೂಪಾಯಿಯನ್ನು ನಗರಸಭೆ ವಸೂಲಿ ಮಾಡಿ ಮುಂದಕ್ಕೆ ಕಟ್ಟಬೇಕು. ಕಸ ನಿರ್ವಹಣೆಯ ಶುಲ್ಕ ಇದರಿಂದ ಬೇರೆ, ಅದು ಊರಿನಲ್ಲೇ ಉಳಿಯುತ್ತದೆ.

ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ. 5 ರಿಯಾಯಿತಿ. ಮೇ, ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈಯಿಂದ ತಿಂಗಳಿಗೆ ಶೇ. 2 ದಂಡ. ಸ್ವಯಂ ಘೋಷಣೆಯಲ್ಲಿ ಹೆಚ್ಚಾಗಿ ತಪ್ಪುವುದು ಎರಡು ಕಡೆ. ಮೇಲೆ ಕಟ್ಟಿದ ಒಂದು ಅಂಕಣವನ್ನು ಸೇರಿಸದೆ ಬಿಡುವುದು, ಮುಂದಿನ ಕೋಣೆಯನ್ನು ಅಂಗಡಿಗೆ ಕೊಟ್ಟು ಇಡೀ ಮನೆಗೆ ವಾಸದ ದರ ಹಾಕುವುದು. ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಹಿಂದಿನ ವರ್ಷಗಳ ವ್ಯತ್ಯಾಸವನ್ನೂ ದಂಡದ ಜೊತೆ ಕೇಳುತ್ತಾರೆ. ತೆರಿಗೆ ಕಟ್ಟಿದ ರಸೀದಿ ಮಾಲಿಕತ್ವದ ದಾಖಲೆಯಲ್ಲ ಎನ್ನುವುದೂ ನೆನಪಿರಲಿ. ಮಾರಾಟ, ಸಾಲಕ್ಕೆ ಇ-ಆಸ್ತಿ ಎಂಬ ಆನ್‌ಲೈನ್ ದಾಖಲೆಯ ಖಾತೆಯೇ ಬೇಕು.

ನಮ್ಮ ಗಲ್ಲಿಗೆ ಕಾಂಕ್ರೀಟ್ ರಸ್ತೆ ಆಗುತ್ತಿದೆ. ಗುಣಮಟ್ಟ ಸರಿಯಿದೆಯೇ ಎಂದು ನಾವೇ ನೋಡುವುದು ಹೇಗೆ? ನಮ್ಮಲ್ಲಿ ಇಂಜಿನಿಯರ್ ಯಾರೂ ಇಲ್ಲ.
– ಕೋಡಿಬಾಗ, ಕಾರವಾರ

ಟೇಪು ಹಿಡಿಯಲು ಬಂದರೆ ಸಾಕು. ಅಂದಾಜುಪಟ್ಟಿಯ ಪ್ರತಿ ಪಡೆಯಿರಿ. 100 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪ ಎಂದಿದ್ದರೆ ಕಾಂಕ್ರೀಟ್ 45 ಘನಮೀಟರ್ ಬೇಕು. 6 ಘನಮೀಟರಿನ ಮಿಕ್ಸರ್ ಲಾರಿಯಾದರೆ ಏಳೆಂಟು ಟ್ರಿಪ್. ಐದೇ ಟ್ರಿಪ್‌ಗೆ ರಸ್ತೆ ಮುಗಿದರೆ ದಪ್ಪ 10 ಸೆಂಟಿಮೀಟರ್ ಮಾತ್ರ ಬಂದಿದೆ ಎಂದರ್ಥ. ಅಂಚಿನಲ್ಲಿ ಅಳೆದು ಸಮಾಧಾನಪಡಬೇಡಿ. ಅಂಚಿಗೆ ದಪ್ಪ ಹಾಕಿ ನಡುವೆ ಮಣ್ಣು ಉಬ್ಬಿಸಿ ಬಿಡುತ್ತಾರೆ. ಕಾಂಕ್ರೀಟ್ ಸುರಿಯುವ ಮೊದಲೇ ಎರಡೂ ಬದಿಯ ಹಲಗೆಗಳಿಗೆ ದಾರ ಎಳೆದು, ನಡುವೆ ದಾರದಿಂದ ನೆಲಕ್ಕೆ ಎಷ್ಟು ಎಂದು ಅಳೆಯಿರಿ, ಮೇಲಿನಿಂದ ಫೋಟೊ ತೆಗೆಯಿರಿ.

ನೋಡಬೇಕಾದ ಇನ್ನೊಂದು ಸಂಗತಿ ಕೀಲು, ಅಂದರೆ ರಸ್ತೆಗೆ ಅಡ್ಡಲಾಗಿ ಕೊಯ್ಯುವ ಸೀಳು. ನಾಲ್ಕೂವರೆ ಮೀಟರಿಗೊಂದರಂತೆ ಅಡ್ಡ ಕೀಲು ಕೊಯ್ಯಬೇಕು, ಅದೂ ಕಾಂಕ್ರೀಟ್ ಬಿಗಿದ ಮೇಲೆ ಒಂದು ದಿನದೊಳಗೆ. ತಡಮಾಡಿದರೆ ಕಾಂಕ್ರೀಟ್ ತನಗೆ ಬೇಕಾದಲ್ಲಿ ತಾನೇ ಬಿರಿಯುತ್ತದೆ. ಒದ್ದೆ ಗೋಣಿ ಹೊದೆಸಿಯೋ, ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿಯೋ 14 ದಿನ ಆರೈಕೆ ಮಾಡಬೇಕು. ಬೇಸಿಗೆಯ ಬಿಸಿಲಿಗೆ ಎರಡು ದಿನ ನೀರು ತಪ್ಪಿದರೂ ಮೇಲ್ಪದರ ಪುಡಿ ಏಳುತ್ತದೆ. ಗಟಾರದ ಸ್ಲ್ಯಾಬಿಗೆ ಬಾವಿಯ ಉಪ್ಪುನೀರು ಬಳಸಲು ಬಿಡಬೇಡಿ. ಸಮುದ್ರದ ಪಕ್ಕದ ಊರುಗಳಲ್ಲಿ ಸ್ಲ್ಯಾಬು ಬೇಗ ಸಿಡಿಯುವುದು ಒಳಗಿನ ಸರಳು ತುಕ್ಕು ಹಿಡಿದು ಹಿಗ್ಗುವುದರಿಂದ.

ಅಂದಾಜುಪಟ್ಟಿ ಕೊಡಲು ಒಲ್ಲೆ ಎಂದರೆ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಇಲ್ಲ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹಾಗಾಗಿ ದೂರು, ಹಿನ್ನೆಲೆ ಏನೂ ಬರೆಯದೆ ‘ಇಂಥ ಕಾಮಗಾರಿಯ ಅಂದಾಜುಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಅಂತಿಮ ಬಿಲ್’ ಎಂದಷ್ಟೇ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ನಂತರದ 30 ದಿನದೊಳಗೆ ಮೊದಲ ಮೇಲ್ಮನವಿ. ಕಾಯ್ದೆಯ 2(ಜೆ) ಕಲಂ ಪ್ರಕಾರ ಕಾಮಗಾರಿಯನ್ನೇ ಪರಿಶೀಲಿಸಲು, ಸಾಮಗ್ರಿಯ ಮಾದರಿ ಪಡೆಯಲೂ ನಿಮಗೆ ಹಕ್ಕಿದೆ.

ಮಳೆಗಾಲಕ್ಕೆ ಮೊದಲು ಹೂಳು ತೆಗೆದದ್ದನ್ನು ನಾವೇ ನೋಡಿದ್ದೇವೆ. ಆದರೂ ಮೊದಲ ಜೋರು ಮಳೆಗೇ ಮನೆಯೊಳಗೆ ನೀರು.
– ಕಾರವಾರ

ತೆಗೆದ ಹೂಳನ್ನು ದಂಡೆಯ ಮೇಲೇ ಬಿಟ್ಟಿದ್ದರೇ? ಎರಡು ಮಳೆಗೆ ಅದು ಮರಳಿ ಒಳಗೇ ಹೋಗುತ್ತದೆ. ಬಿಲ್ ಮಾತ್ರ ಘನಮೀಟರ್ ಲೆಕ್ಕದಲ್ಲಿ ಆಗಿರುತ್ತದೆ: 200 ಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಹೂಳು ಎಂದರೆ 36 ಘನಮೀಟರ್. ಅಷ್ಟನ್ನು ಎಲ್ಲಿಗೆ ಸಾಗಿಸಿದರು ಎಂದು ಕೇಳಿ. ಹೂಳು ಸರಿಯಾಗಿಯೇ ಹೋಗಿದ್ದರೆ ಕಾರಣ ಸಮುದ್ರ. ಕೋಣೆನಾಲಾದಂತೆ ಕಡಲಿಗೆ ಸೇರುವ ನಾಲಾಗಳಲ್ಲಿ ಭರತದ ಹೊತ್ತಿಗೆ ಮಳೆ ಜೋರಾದರೆ ನೀರು ಮುಂದಕ್ಕೆ ಹೋಗುವುದಿಲ್ಲ. ಬಾಯಿಗೆ ಮರಳು ಕಟ್ಟಿದ್ದರೆ ಇಳಿತದಲ್ಲೂ ಹೋಗುವುದಿಲ್ಲ. ಅಂಥಲ್ಲಿ ಒಳಗಿನ ಗಟಾರ ಎಷ್ಟು ಗುಡಿಸಿದರೂ ಪ್ರಯೋಜನ ಕಡಿಮೆ. ನಾಲಾದ ಬಾಯಿಯ ಮರಳನ್ನು ಜೂನ್ ಮೊದಲ ವಾರ ಒಮ್ಮೆ, ಮಳೆಯ ನಡುವೆ ಮತ್ತೆ ಬಿಡಿಸಲು ಜೆಸಿಬಿ ಬಾಡಿಗೆಗೆಂದು ಬಜೆಟ್ಟಿನಲ್ಲಿ ಪ್ರತ್ಯೇಕ ಮೊತ್ತ ಇಡಿಸಿ.

ರಸ್ತೆ ಗುಂಡಿ ಬಗ್ಗೆ ಹೇಳಿದರೆ ನಗರಸಭೆಯವರು ‘ನಮ್ಮದಲ್ಲ’ ಎನ್ನುತ್ತಾರೆ.
– ಶಿರಸಿ

ಕೆಲವು ಸಲ ಅದು ನಿಜ. ಊರೊಳಗೆ ಹಾದುಹೋದ ಮಾತ್ರಕ್ಕೆ ರಸ್ತೆ ನಗರಸಭೆಯದಾಗುವುದಿಲ್ಲ. ಕುಮಟಾ–ಶಿರಸಿ ಮಾರ್ಗ 766ಇ, ಕರಾವಳಿಯ ಹೆದ್ದಾರಿ 66, ಎರಡೂ ರಾಷ್ಟ್ರೀಯ ಹೆದ್ದಾರಿ. ಇನ್ನು ಕೆಲವು ಲೋಕೋಪಯೋಗಿ ಇಲಾಖೆಯವು. ‘ಹಾಗಾದರೆ ಯಾರದ್ದು ಎಂದು ಬರೆದುಕೊಡಿ’ ಎನ್ನಿ. ನಗರಸಭೆಯದೇ ಆದರೆ ಜನಹಿತ ಆ್ಯಪ್‌ನಲ್ಲಿ ಫೋಟೊ ಸಹಿತ ಹಾಕಿ, ದೂರು ಸಂಖ್ಯೆ ಇಟ್ಟುಕೊಳ್ಳಿ.

ರಸ್ತೆ ಬದಿ ಕೂತು ಮೀನು ಮಾರುವ ನಮ್ಮ ಬುಟ್ಟಿ ಎತ್ತಿಕೊಂಡು ಹೋದರು. ಮರುದಿನ ಬಾ ಎಂದರು. ಮೀನು ಮರುದಿನಕ್ಕೆ ಉಳಿಯುತ್ತದೆಯೇ?
– ಅಂಕೋಲಾ

ಉಳಿಯುವುದಿಲ್ಲ ಎನ್ನುವುದು ಕಾಯ್ದೆಗೂ ಗೊತ್ತಿದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಕೆಡುವ ಸಾಮಾನನ್ನು ಕೇಳಿದ ದಿನವೇ ಬಿಡಬೇಕು, ಕೆಡದ ಸಾಮಾನನ್ನು ಕೇಳಿದ ಎರಡು ಕೆಲಸದ ದಿನದೊಳಗೆ. ವಶಪಡಿಸಿದ್ದರ ಪಟ್ಟಿಗೆ ಸಹಿ ಹಾಕಿ ಪ್ರತಿ ಕೊಡಬೇಕು, ಪಟ್ಟಿ ಕೇಳದೆ ಬುಟ್ಟಿ ಬಿಡಬೇಡಿ. ಬೇರೆಡೆ ಕಳಿಸುವ ಮೊದಲು 30 ದಿನದ ನೋಟಿಸ್ ಬೇಕು. ಬೀದಿ ವ್ಯಾಪಾರಿಗಳ ಸಮೀಕ್ಷೆಯಲ್ಲಿ ಹೆಸರು ಸೇರಿಸಿಕೊಳ್ಳಿ ಅಕ್ಕ, ಗುರುತಿನ ಚೀಟಿಗೂ ಪಿಎಂ ಸ್ವನಿಧಿ ಸಾಲಕ್ಕೂ ಅದೇ ಆಧಾರ. ಮೊದಲ ಕಂತು ಈಗ 15,000 ರೂಪಾಯಿವರೆಗೆ.

ನಾನು ಪುರಸಭೆಯ ಸದಸ್ಯೆ. ವಾರ್ಡಿನ ಜನರಿಗೆ ಮೂರು ತಿಂಗಳಿಗೊಮ್ಮೆ ವರದಿ ಕೊಡಬೇಕೆಂದಿದ್ದೇನೆ. ಏನೇನು ಇರಬೇಕು?
– ಕರಾವಳಿಯ ಓದುಗರು

ಒಂದೇ ಹಾಳೆ ಸಾಕು ಮೇಡಂ. ಪ್ರತಿ ಕೆಲಸಕ್ಕೆ ಒಂದು ಸಾಲು: ಎಲ್ಲಿಂದ ಎಲ್ಲಿಗೆ (ಇಂಥ ಮನೆಯಿಂದ ಇಂಥ ಕಟ್ಟೆಯವರೆಗೆ ಎಂದೇ ಬರೆಯಿರಿ, ‘ವಾರ್ಡಿನ ವಿವಿಧೆಡೆ’ ಎಂದು ಬೇಡ), ಯಾವ ಅನುದಾನ, ಕ್ರಿಯಾಯೋಜನೆಯ ಕ್ರಮಸಂಖ್ಯೆ, ಈಗಿನ ಹಂತ, ಕಾರ್ಯಾದೇಶದ ದಿನಾಂಕ. ಮೊತ್ತ ಬರೆಯುವಾಗ ಜಿಎಸ್‌ಟಿ ಸೇರಿದೆಯೋ ಇಲ್ಲವೋ ತಿಳಿಸಿ. ಶೇ. 18 ತೆರಿಗೆ ಸೇರಿ 20 ಲಕ್ಷ ಎಂದಾದರೆ ನೆಲಕ್ಕೆ ಬೀಳುವ ಕೆಲಸ 16.95 ಲಕ್ಷದ್ದು. ಈ ವ್ಯತ್ಯಾಸ ಹೇಳದೆ ಇದ್ದರೆ ಜನ ಅದನ್ನು ನಿಮ್ಮ ಲೆಕ್ಕಕ್ಕೇ ಬರೆಯುತ್ತಾರೆ.

ಆಗದೆ ಉಳಿದ ಕೆಲಸವನ್ನು ಹಾಳೆಯಿಂದ ತೆಗೆಯಬೇಡಿ. ಮೂರು ಸಲ ಅದೇ ಹಂತದಲ್ಲಿ ಕಾಣಿಸಿದರೆ ಕಚೇರಿಯವರೇ ಎಚ್ಚರಗೊಳ್ಳುತ್ತಾರೆ. ಮುಗಿದ ಕೆಲಸಗಳ ಮುಂದೆ ದೋಷ ನಿವಾರಣಾ ಅವಧಿ ಯಾವಾಗ ಮುಗಿಯುತ್ತದೆ ಎಂಬ ದಿನಾಂಕ ಹಾಕಿ, ಅದು ಒಪ್ಪಂದದಲ್ಲಿ ಇರುತ್ತದೆ. ಆ ದಿನಕ್ಕೆ ಮೊದಲು ರಸ್ತೆ ಕಿತ್ತರೆ ಗುತ್ತಿಗೆದಾರ ತನ್ನ ಖರ್ಚಿನಲ್ಲಿ ಸರಿಮಾಡಬೇಕು, ಅವನ ಬಿಲ್ಲಿನಿಂದ ಹಿಡಿದ ಭದ್ರತಾ ಠೇವಣಿ ಕಚೇರಿಯಲ್ಲೇ ಇರುತ್ತದೆ. ಅವಧಿ ಮುಗಿಯುವ ಎರಡು ತಿಂಗಳು ಮೊದಲು, ಸಾಧ್ಯವಾದರೆ ಒಂದು ಮಳೆಗಾಲ ಕಳೆದ ಕೂಡಲೇ, ಇಂಜಿನಿಯರ್ ಅವರನ್ನು ಕರೆದುಕೊಂಡು ಆ ರಸ್ತೆಗಳಲ್ಲಿ ಒಮ್ಮೆ ನಡೆದು, ಹಾಳಾದ ಜಾಗಗಳನ್ನು ಬರೆಸಿ ಮುಖ್ಯಾಧಿಕಾರಿಗೆ ಪತ್ರ ಕೊಡಿ.