ಚೌಕವಾಗಿದ್ದ ಕ್ಯಾನ್ವಾಸ್ ವಾಲಿದ್ದು ಯಾಕೆ?

ಪ್ರಶ್ನೆ: ನೀಡಲ್‌ಪಾಯಿಂಟ್ (ಕಣ್ಣುಕಣ್ಣಾದ ಕ್ಯಾನ್ವಾಸ್ ಅನ್ನು ಸೂಜಿ ದಾರದಿಂದ ತುಂಬುವ ಕಸೂತಿ) ಶುರುಮಾಡಿ ನಾಲ್ಕು ತಿಂಗಳಾಯಿತು. ಇಂಚಿಗೆ 13 ಕಣ್ಣಿರುವ ಕ್ಯಾನ್ವಾಸ್ ಮೇಲೆ 14 ಇಂಚಿನ ದಿಂಬಿನ ಕವರ್ ಮಾಡುತ್ತಿದ್ದೇನೆ. ಅರ್ಧ ಮುಗಿಯುವಷ್ಟರಲ್ಲಿ ಕ್ಯಾನ್ವಾಸ್ ಒಂದು ಕಡೆಗೆ ವಾಲಿಕೊಂಡಿದೆ. ಇಸ್ತ್ರಿ ಹಾಕಿದರೂ ನೆಟ್ಟಗಾಗಲಿಲ್ಲ. ಬಿಚ್ಚಿ ಮತ್ತೆ ಹಾಕಬೇಕಾ?

ಉತ್ತರ: ಬೇಡ, ಕತ್ತರಿ ಕೆಳಗಿಡಿ. ಮೊದಲು ಕ್ಯಾನ್ವಾಸ್ ತಿರುಗಿಸಿ ಬೆನ್ನು ನೋಡಿ. ಉದ್ದುದ್ದ ಓರೆ ಎಳೆಗಳು ಕಾಣುತ್ತಿದ್ದರೆ ನೀವು ಹಾಕುತ್ತಿರುವುದು ಕಾಂಟಿನೆಂಟಲ್ ಹೊಲಿಗೆ.

ಕ್ಯಾನ್ವಾಸ್‌ನ ಹಾಸು ಹೊಕ್ಕು, ಅಂದರೆ ಉದ್ದ ಅಡ್ಡ ಎಳೆಗಳು, ಕೂಡುವ ಜಾಗವನ್ನು ಓರೆಯಾಗಿ ದಾಟುವುದು ಟೆಂಟ್ ಹೊಲಿಗೆ. ಅದನ್ನು ಮೂರು ರೀತಿ ಹಾಕಬಹುದು: ಹಾಫ್ ಕ್ರಾಸ್, ಕಾಂಟಿನೆಂಟಲ್, ಬ್ಯಾಸ್ಕೆಟ್‌ವೀವ್. ಮುಂದಿನಿಂದ ನೋಡಿದರೆ ಮೂರೂ ಒಂದೇ ಥರ. ಗುಟ್ಟೆಲ್ಲ ಬೆನ್ನಲ್ಲಿದೆ. ಕಾಂಟಿನೆಂಟಲ್‌ನಲ್ಲಿ ಮುಂದೆಯೂ ಓರೆ, ಹಿಂದೆಯೂ ಓರೆ, ಎಲ್ಲ ಒಂದೇ ಕಡೆಗೆ. ನಿಮ್ಮ ದಿಂಬಿನಲ್ಲಿ ಒಟ್ಟು 33 ಸಾವಿರಕ್ಕೂ ಜಾಸ್ತಿ ಹೊಲಿಗೆ ಬರುತ್ತದೆ. ಅಷ್ಟೂ ಸೇರಿ ಒಂದೇ ಕಡೆ ಜಗ್ಗಿದರೆ ಕ್ಯಾನ್ವಾಸ್ ಏನು ಮಾಡೀತು, ಪಾಪ!

ಬ್ಯಾಸ್ಕೆಟ್‌ವೀವ್‌ನಲ್ಲಿ ಸಾಲುಗಳು ಮೂಲೆಯಿಂದ ಮೂಲೆಗೆ ಹೋಗುತ್ತವೆ, ಒಂದು ಸಾಲು ಇಳಿದರೆ ಮುಂದಿನದು ಏರುತ್ತದೆ. ಹಿಂದೆ ಎಳೆಗಳು ಒಮ್ಮೆ ಅಡ್ಡ, ಒಮ್ಮೆ ಉದ್ದ ಬಿದ್ದು ಬುಟ್ಟಿ ಹೆಣೆದ ಹಾಗೆ ಕಾಣುತ್ತದೆ. ಓರೆ ಎಳೆತ ಕಡಿಮೆ. ಹಾಫ್ ಕ್ರಾಸ್‌ಗಿಂತ ದಾರ ಜಾಸ್ತಿ ಬೇಕು, ಆದರೆ ದಿಂಬಿನಂಥ ದಿನಾ ಒರಗುವ ವಸ್ತುವಿಗೆ ನಾನಂತೂ ಬೇರೆ ಹೊಲಿಗೆ ಹಾಕುವುದಿಲ್ಲ.

ಒಂದು ಜಾಗದಲ್ಲಿ ಮಾತ್ರ ಎಲ್ಲರೂ ಎಡವುತ್ತಾರೆ. ಪಕ್ಕಪಕ್ಕದ ಎರಡು ಸಾಲು ಒಂದೇ ದಿಕ್ಕಿಗೆ ಹೋದರೆ ಮುಂದೆ ಸಣ್ಣ ಗೆರೆ ಎದ್ದು ಕಾಣುತ್ತದೆ. ಕೆಲಸ ಬಿಟ್ಟು ಏಳುವಾಗ ಸಾಲಿನ ನಡುವೆಯೇ ನಿಲ್ಲಿಸಿ, ಆಗ ಏರುತ್ತಿದ್ದಿರೋ ಇಳಿಯುತ್ತಿದ್ದಿರೋ ಮರೆಯುವುದಿಲ್ಲ. ಮರೆತರೂ ಚಿಂತೆಯಿಲ್ಲ. ಒಂಟಿ ಎಳೆಯ ಮೋನೋ ಕ್ಯಾನ್ವಾಸ್ ಆದರೆ ಮುಂದಿನ ಹೊಲಿಗೆ ಬೀಳುವ ಜಾಗವನ್ನು ಹತ್ತಿರದಿಂದ ನೋಡಿ. ಅಲ್ಲಿ ಲಂಬ ಎಳೆ ಮೇಲಿದ್ದರೆ ಇಳಿಯುವ ಸಾಲು, ಅಡ್ಡ ಎಳೆ ಮೇಲಿದ್ದರೆ ಏರುವ ಸಾಲು. ಕಂಬದಲ್ಲಿ ಜಾರುವುದು, ಮೆಟ್ಟಿಲು ಹತ್ತುವುದು ಅಂತ ನೆನಪಿಟ್ಟುಕೊಳ್ಳಿ.

ಉಳಿದ ಅರ್ಧಕ್ಕೆ ಬ್ಯಾಸ್ಕೆಟ್‌ವೀವ್ ಹಾಕಿ, ಆದರೆ ಬಣ್ಣ ಬದಲಾಗುವ ಗಡಿಯಲ್ಲೇ ಶುರುಮಾಡಿ. ಒಂದೇ ಬಣ್ಣದೊಳಗೆ ಎರಡೂ ಬೆರೆತರೆ ಗೊತ್ತಾಗಿಬಿಡುತ್ತದೆ. ಕ್ಯಾನ್ವಾಸ್ ಅನ್ನು ಚೌಕಟ್ಟಿಗೆ ಬಿಗಿದುಕೊಂಡರೆ ಇನ್ನೂ ಒಳ್ಳೆಯದು.

ಈಗಾಗಲೇ ವಾಲಿದ್ದನ್ನು ಪೂರ್ತಿ ಮುಗಿಸಿದ ಮೇಲೆ ಸರಿಮಾಡಿ. ಕ್ಯಾನ್ವಾಸ್‌ಗೆ ಗಂಜಿ ಹಾಕಿರುತ್ತಾರಲ್ಲ, ಅದು ನೆನೆಯದೆ ಎಳೆಗಳು ಜಾಗ ಬಿಡುವುದಿಲ್ಲ. ಒಣ ಇಸ್ತ್ರಿಗೆ ಅದು ಬಗ್ಗದೇ ಇದ್ದದ್ದು ಅದಕ್ಕೇ. ಮೊದಲು ಒದ್ದೆ ಬಿಳಿ ಬಟ್ಟೆ ಒತ್ತಿ ಬಣ್ಣ ಬಿಡುತ್ತದಾ ನೋಡಿ. ಬಿಡದಿದ್ದರೆ ಸ್ಪಂಜಿನಿಂದ ತೇವ ಮಾಡಿ. ಮರದ ಹಲಗೆಯ ಮೇಲೆ ಚೌಕ ಬರೆದುಕೊಂಡು, ಕ್ಯಾನ್ವಾಸ್ ಅನ್ನು ವಾಲಿದ್ದರ ಎದುರು ದಿಕ್ಕಿಗೆ ಎಳೆದು, ಆ ಗೆರೆಗೆ ಸರಿಯಾಗಿ ತುಕ್ಕು ಹಿಡಿಯದ ಪಿನ್ನು ಚುಚ್ಚಿ. ಪೂರ್ತಿ ಒಣಗುವವರೆಗೆ, ಒಂದಲ್ಲ ಎರಡು ದಿನವಾದರೂ, ಮುಟ್ಟಬೇಡಿ. ಇದಕ್ಕೆ ಬ್ಲಾಕಿಂಗ್ ಅನ್ನುತ್ತಾರೆ. ಹಟಮಾರಿ ಕ್ಯಾನ್ವಾಸ್ ಆದರೆ ಎರಡು ಸಲ ಮಾಡಬೇಕಾದೀತು.

ಪ್ರಶ್ನೆ: ಉಲ್ಲನ್ ದಾರ ಅರ್ಧಕ್ಕೇ ಸವೆದು ತೆಳ್ಳಗಾಗುತ್ತದೆ. ದಾರ ಕಳಪೆಯಾ?

ಉತ್ತರ: ದಾರವನ್ನು ಬೈಯುವ ಮೊದಲು ಅಳೆಯಿರಿ. ಮತ್ತೆ ಮತ್ತೆ ಪೋಣಿಸುವ ಸೋಮಾರಿತನಕ್ಕೆ ಉದ್ದ ದಾರ ತೆಗೆದುಕೊಳ್ಳುತ್ತೇವೆ, ಅಲ್ವಾ? 45 ಸೆಂಟಿಮೀಟರ್ ಸಾಕು. ಪ್ರತಿ ಹೊಲಿಗೆಗೂ ದಾರ ಕ್ಯಾನ್ವಾಸ್‌ಗೆ ಉಜ್ಜುತ್ತದೆ, ಉದ್ದವಿದ್ದಷ್ಟೂ ಅದರ ಬಾಲಕ್ಕೆ ಪೆಟ್ಟು ಜಾಸ್ತಿ.

ಸೂಜಿ ತೀರಾ ಸಣ್ಣದಾದರೂ ಹೀಗಾಗುತ್ತದೆ. ತುದಿ ಮೊಂಡಾದ ಟೇಪೆಸ್ಟ್ರಿ ಸೂಜಿ ಬಳಸಿ. ಇಂಚಿಗೆ 13 ಕಣ್ಣಿದ್ದರೆ 20ನೇ ನಂಬರ್, 18 ಕಣ್ಣಿದ್ದರೆ 22. ನಂಬರ್ ಹೆಚ್ಚಾದಷ್ಟೂ ಸೂಜಿ ಸಣ್ಣ, ಅಂಗಡಿಯಲ್ಲಿ ತಲೆಕೆಳಗಾಗಬೇಡಿ. ದಾರ ಹುರಿಗಟ್ಟಿದರೆ ಸೂಜಿಯನ್ನು ಸುಮ್ನೆ ಇಳಿಬಿಡಿ, ತಾನೇ ತಿರುಗಿ ಬಿಚ್ಚಿಕೊಳ್ಳುತ್ತದೆ.

ಪ್ರಶ್ನೆ: ನೀಡಲ್‌ಪಾಯಿಂಟ್ ಮತ್ತು ಟೇಪೆಸ್ಟ್ರಿ ಒಂದೇನಾ?

ಉತ್ತರ: ಅಲ್ಲ. ಟೇಪೆಸ್ಟ್ರಿಯಲ್ಲಿ ಚಿತ್ರ ಮಗ್ಗದ ಮೇಲೆ ಬಟ್ಟೆಯ ಜೊತೆಗೇ ನೇಯ್ದು ಬರುತ್ತದೆ. ನೀಡಲ್‌ಪಾಯಿಂಟ್‌ನಲ್ಲಿ ಸಿದ್ಧ ಕ್ಯಾನ್ವಾಸ್ ಮೇಲೆ ಸೂಜಿಯಿಂದ ತುಂಬುತ್ತೇವೆ. ಆದರೆ ಈ ಗೊಂದಲ ಹಳೆಯದು. 11ನೇ ಶತಮಾನದ, ಸುಮಾರು 70 ಮೀಟರ್ ಉದ್ದದ ಬೇಯೂ ಟೇಪೆಸ್ಟ್ರಿ ಹೆಸರಿಗಷ್ಟೇ ಟೇಪೆಸ್ಟ್ರಿ. ಅದು ಲಿನನ್ ಬಟ್ಟೆಯ ಮೇಲೆ ಉಲ್ಲನ್ ದಾರದಲ್ಲಿ ಹಾಕಿದ ಕಸೂತಿ. ಕ್ಯಾನ್ವಾಸ್ ತುಂಬಿದ ಕೆಲಸವೂ ಅಲ್ಲ, ಬಟ್ಟೆಯ ಬಹುಭಾಗ ಖಾಲಿಯೇ ಇದೆ.

ನಾವು ಇಂದು ಚೌಕ ಎಣಿಸಿಕೊಂಡು ಹಾಕುವ ರೀತಿ ಮನೆಮನೆಗೆ ಹೋದದ್ದು 19ನೇ ಶತಮಾನದ ಬರ್ಲಿನ್ ವುಲ್ ವರ್ಕ್‌ನಿಂದ. ಬರ್ಲಿನ್‌ನಲ್ಲಿ ಚೌಕಳಿ ಕಾಗದದ ಮೇಲೆ ನಮೂನೆ ಅಚ್ಚುಹಾಕಿ, ಕೈಯಿಂದ ಬಣ್ಣ ತುಂಬಿ ಮಾರುತ್ತಿದ್ದರು. 1856ರಲ್ಲಿ ವಿಲಿಯಂ ಪರ್ಕಿನ್ ಕೃತಕ ನೇರಳೆ ಬಣ್ಣ ಕಂಡುಹಿಡಿದ. ಆಮೇಲೆ ಕೃತಕ ಬಣ್ಣಗಳ ಸಾಲೇ ಬಂತು, ಉಲ್ಲನ್ ಕಣ್ಣು ಕುಕ್ಕುವ ಹಾಗಾಯಿತು. ಆ ಕಾಲದ ಕಡುಗೆಂಪು ಗುಲಾಬಿಗಳು ನನಗಂತೂ ಸ್ವಲ್ಪ ಅತಿ ಅನ್ನಿಸುತ್ತವೆ.